ಸಾಹಿತಿಯನ್ನು ಶಾಲೆಗೆ ಕರೆಸಬೇಕಾಗಿದೆ, ಆದರೆ ಭಾಷಣಕ್ಕಲ್ಲ

ಸೇಡಂ ಕನ್ನಡ ಟೀಚರ್ (ನವೆಂಬರ್ 16)

ಎಲ್ಲರಿಗೂ ನಮಸ್ಕಾರ. ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ನಮ್ಮ ಶಾಲೆಯಲ್ಲಿ ಓದಿ ಈಗ ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಕೆಲವರು ದಸರೆಗೆ ಊರಿಗೆ ಬಂದಾಗ ಇಪ್ಪತ್ತೈದು ಸಾವಿರ ರೂಪಾಯಿ ಕೂಡಿಸಿ ಕೊಟ್ಟು ಹೋದರು. ಗೋಡೆಗೆ ಬಣ್ಣ ಹೊಡೆಸಬಾರದು, ನೀರಿನ ಫಿಲ್ಟರ್ ತರಬಾರದು, ಮಕ್ಕಳ ಓದು ಬರಹಕ್ಕೇ ಹೋಗಬೇಕು ಎಂಬುದು ಅವರ ಷರತ್ತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಾನು ಎದ್ದು ನಿಂತು, ಒಬ್ಬ ಕಥೆಗಾರರನ್ನೋ ಕವಿಗಳನ್ನೋ ಕರೆಸಿ ಮಕ್ಕಳಿಂದ ಬರೆಸೋಣ ಎಂದೆ. ಎಲ್ಲರೂ ಒಪ್ಪಿದರು. ಒಪ್ಪಿದ ರಭಸ ನೋಡಿಯೇ ನನಗೆ ಭಯವಾಯಿತು, ಏಕೆಂದರೆ ಅಧ್ಯಕ್ಷರು ಆಗಲೇ ಪೆಂಡಾಲಿನವನಿಗೆ ಫೋನ್ ಹಚ್ಚಿದ್ದರು.

ಭಯಕ್ಕೆ ಕಾರಣವಿದೆ. ನಾಲ್ಕು ವರ್ಷಗಳ ಹಿಂದೆ ರಾಜ್ಯೋತ್ಸವಕ್ಕೆ ಒಬ್ಬ ಹಿರಿಯ ಕವಿಗಳನ್ನು ಕರೆಸಿದ್ದೆವು. ಹೆಸರು ಬೇಡ, ಒಳ್ಳೆಯ ಮನುಷ್ಯರು. ಹತ್ತು ಗಂಟೆಗೆ ಬರಬೇಕಾದವರು ಬಸ್ಸು ಸಿಗದೆ ಹನ್ನೆರಡಕ್ಕೆ ಬಂದರು. ಸ್ವಾಗತ ಗೀತೆ, ದೀಪ, ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದು, ಅತಿಥಿಗಳ ಪರಿಚಯವೂ ಇಪ್ಪತ್ತು ನಿಮಿಷ ನಡೆದು, ಅವರ ಕೈಗೆ ಮೈಕು ಬರುವಷ್ಟರಲ್ಲಿ ಬಿಸಿಯೂಟದ ಸಾರಿನ ವಾಸನೆ ಅಂಗಳದ ತುಂಬ ಹರಡಿತ್ತು. ನೃಪತುಂಗನ ರಾಜಧಾನಿಯಾಗಿದ್ದ ಮಳಖೇಡ ನಮಗೆ ಹತ್ತಿರ. ನಮ್ಮ ಶಾಲೆಗೆ ಬಂದ ಅತಿಥಿಗಳಲ್ಲಿ ನೃಪತುಂಗನನ್ನು ನೆನೆಯದೆ ಮೈಕು ಬಿಟ್ಟವರನ್ನು ನಾನು ಕಂಡಿಲ್ಲ. ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂಬ ಕವಿರಾಜಮಾರ್ಗದ ಮಾತನ್ನು ನಮ್ಮ ಅಡುಗೆಯವರೂ ಬಾಯಿಪಾಠ ಒಪ್ಪಿಸಬಲ್ಲರು. ಓದದೆಯೇ ಕಾವ್ಯ ಬಲ್ಲ ಜಾಣರು ಈ ನೆಲದವರು ಎಂದು ಕವಿಗಳು ವಿವರಿಸುತ್ತಿದ್ದಾಗ ಎಂಟನೇ ತರಗತಿಯ ಹುಡುಗನೊಬ್ಬ ಮೊದಲ ಸಾಲಿನಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದ.

ಕೊನೆಗೆ ಒಬ್ಬ ಹುಡುಗಿ ಧೈರ್ಯ ಮಾಡಿ ಎದ್ದು, ‘ಸರ್, ಮೊದಲ ಸಾಲು ಹೇಗೆ ಬರುತ್ತದೆ?’ ಎಂದು ಕೇಳಿದಳು. ನನ್ನ ಕಿವಿ ನಿಮಿರಿತು. ಅವರು ‘ಅದು ಸರಸ್ವತಿಯ ಕೃಪೆ, ಮಗಳೇ’ ಎಂದರು. ಚಪ್ಪಾಳೆ ಬಿತ್ತು. ಹುಡುಗಿ ನೋಟ್‌ಬುಕ್ಕಿನಲ್ಲಿ ‘ಸರಸ್ವತಿಯ ಕೃಪೆ’ ಎಂದು ಬರೆದುಕೊಂಡು ಅದರ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಳು, ಪರೀಕ್ಷೆಗೆ ಬರುವ ಪ್ರಶ್ನೆಯೋ ಎನ್ನುವಂತೆ.

ಅದಕ್ಕೂ ಮೊದಲು, 2020ರ ಫೆಬ್ರುವರಿಯಲ್ಲಿ ಕಲಬುರಗಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನವಾದಾಗ, ಟೆಂಪೊ ಮಾಡಿಕೊಂಡು ಮಕ್ಕಳನ್ನು ಕರೆದೊಯ್ದಿದ್ದೆ. ಅವರಿಗೆ ಈಗ ನೆನಪಿರುವುದು ಊಟದ ಸಾಲು ಮತ್ತು ಧೂಳು. ಅದರಲ್ಲಿ ಯಾರ ತಪ್ಪೂ ಇಲ್ಲ. ಜಾತ್ರೆಯಲ್ಲಿ ತೇರನ್ನು ನೋಡಿ ಬಡಗಿಯ ಕೆಲಸ ಕಲಿಯಲಾಗುವುದಿಲ್ಲವಲ್ಲ.

ತಪ್ಪು ನನ್ನದೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯಲ್ಲಿ ಗಾದೆ ವಿಸ್ತರಣೆ, ಪತ್ರಲೇಖನ, ಪ್ರಬಂಧ ಇರುತ್ತವೆ. ಅದಕ್ಕೆ ತಯಾರು ಮಾಡುತ್ತ ಮಾಡುತ್ತ ‘ಪೀಠಿಕೆ, ವಿಷಯ ವಿವರಣೆ, ಉಪಸಂಹಾರ’ ಎಂಬ ಮೂರು ಮೊಳೆಗಳನ್ನು ಎಂಟನೇ ತರಗತಿಯಿಂದಲೇ ಹೊಡೆಯುತ್ತೇನೆ. ಕಳೆದ ವರ್ಷ ‘ನಮ್ಮೂರ ಜಾತ್ರೆ’ ಎಂದು ಕೊಟ್ಟೆ. ನಲವತ್ತಮೂರು ಮಂದಿ ಬರೆದರು. ಹೆಚ್ಚುಕಡಿಮೆ ಎಲ್ಲರದೂ ‘ಭಾರತವು ಹಳ್ಳಿಗಳ ದೇಶ, ಜಾತ್ರೆಗಳು ನಮ್ಮ ಸಂಸ್ಕೃತಿಯ ಪ್ರತೀಕ’ ಎಂದೇ ಶುರು. ಅದೇ ಜಾತ್ರೆಯಲ್ಲಿ ತಿರುಗುವ ತೊಟ್ಟಿಲು ಅರ್ಧಕ್ಕೆ ಕೆಟ್ಟು ನಿಂತು, ನನ್ನ ತರಗತಿಯ ಆರು ಮಕ್ಕಳು ಮುಕ್ಕಾಲು ಗಂಟೆ ಆಕಾಶದಲ್ಲಿ ನೇತಾಡಿದ್ದರು. ಊರಿಗೆ ಊರೇ ಕೆಳಗೆ ನಿಂತು ಕೂಗುತ್ತಿತ್ತು. ಒಬ್ಬರ ಪ್ರಬಂಧದಲ್ಲೂ ತೊಟ್ಟಿಲಿಲ್ಲ. ಏಕೆ ಎಂದು ಕೇಳಿದರೆ, ‘ಅದು ಪ್ರಬಂಧದಲ್ಲಿ ಬರೆಯುವಂಥದ್ದಾ, ಮೇಡಂ?’ ಎಂದರು.

ಇದನ್ನು ಬಿಡಿಸಲು ಹೊರಗಿನವರೊಬ್ಬರು ಬೇಕು ಎನಿಸಿದೆ. ನಾನು ಹೇಳಿದರೆ ಅವರಿಗೆ ಅದು ಪಾಠವಾಗಿಬಿಡುತ್ತದೆ. ಆದರೆ ಎಷ್ಟು ದಿನ ಕರೆಸಬೇಕು, ಏನು ಕೊಡಬೇಕು, ಬರುವವರಿಗೆ ಏನೆಂದು ಹೇಳಬೇಕು ಎಂಬುದೊಂದೂ ತಿಳಿಯದು. ಇನ್ನೊಂದು ತೊಡಕು ಭಾಷೆಯದು. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಮನೆಗಳಲ್ಲಿ ತೆಲುಗು, ಲಂಬಾಣಿ ಅಥವಾ ಉರ್ದು. ಕನ್ನಡದ ಮನೆಗಳಲ್ಲೂ ಪುಸ್ತಕದ ಕನ್ನಡವಿಲ್ಲ. ಅವರು ಆಡಿದಂತೆ ಬರೆದರೆ ತಿದ್ದಬೇಕೇ, ಬಿಡಬೇಕೇ?

ಮಾಡಿ ನೋಡಿದವರು ಯಾರಾದರೂ ಇದ್ದರೆ ಬರೆಯಿರಿ. ಶುಭಾಶಯ ಬೇಡ, ಅನುಭವ ಹೇಳಿ.

ಬೆಂಗಳೂರಿನಲ್ಲಿರುವ ಕಲಬುರಗಿಯವನು (ನವೆಂಬರ್ 16)

ಮೇಡಂ, ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ದೊಡ್ಡ ಲೇಖಕರ ಮಾತುಗಳು ಯೂಟ್ಯೂಬಿನಲ್ಲೇ ಇವೆ. ಆ ಹಣದಲ್ಲಿ ಒಂದು ಪ್ರಾಜೆಕ್ಟರ್ ತಂದು ವಾರಕ್ಕೊಂದು ತೋರಿಸಿ. ಪ್ರಯಾಣದ ಖರ್ಚೂ ಇಲ್ಲ, ಶಾಲು ಹಾರವೂ ಇಲ್ಲ.

ಸೇಡಂ ಕನ್ನಡ ಟೀಚರ್ (ನವೆಂಬರ್ 16)

ಸರ್, ಪ್ರಾಜೆಕ್ಟರ್ ಇದೆ. ಮೂರು ವರ್ಷಗಳಿಂದ ಅದರ ಪೆಟ್ಟಿಗೆಯ ಮೇಲೆ ಚಾಕ್‌ಪೀಸ್ ಡಬ್ಬಿ ಇಡುತ್ತಿದ್ದೇವೆ. ವಿಡಿಯೊದಲ್ಲಿರುವವರು ಎಷ್ಟೇ ದೊಡ್ಡವರಾದರೂ ನನ್ನ ಮಕ್ಕಳು ಬರೆದದ್ದನ್ನು ಓದುವುದಿಲ್ಲವಲ್ಲ.

ನಿವೃತ್ತ ಮುಖ್ಯಗುರು, ಶಹಾಪುರ (ನವೆಂಬರ್ 17)

ತಂಗಿ, ನಿನ್ನ ಉತ್ಸಾಹಕ್ಕೆ ತಣ್ಣೀರು ಎರಚಲು ಬಂದಿಲ್ಲ. ಆದರೂ ಸ್ವಲ್ಪ ಎರಚುತ್ತೇನೆ, ಮುನಿಸಿಕೊಳ್ಳಬೇಡ.

2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಕೊನೆಯ ಸ್ಥಾನ ನಮ್ಮ ಯಾದಗಿರಿ ಜಿಲ್ಲೆಗೆ. 2025ರಲ್ಲಿ ಆ ಜಾಗಕ್ಕೆ ನಿಮ್ಮ ಕಲಬುರಗಿ ಬಂತು, ಪಾಸಾದವರು ನೂರಕ್ಕೆ ನಲವತ್ತೆರಡರ ಹತ್ತಿರ. ಹೀಗಿರುವಾಗ ‘ಕಥೆ ಬರೆಸುತ್ತಿದ್ದೇನೆ’ ಎಂದು ನೀನು ಹೇಳಿದರೆ ಮೇಲಿನವರು ಏನೆನ್ನುತ್ತಾರೆ ಎಂಬುದನ್ನು ಊಹಿಸಬಲ್ಲೆ. ನಾನೂ ಆ ಕುರ್ಚಿಯಲ್ಲಿ ಕುಳಿತವನು, ನಾನೂ ಅದನ್ನೇ ಅನ್ನುತ್ತಿದ್ದೆ. ಎಂಟನೇ ತರಗತಿಗೆ ಬಂದ ಮಗು ತನ್ನ ಊರು, ತಾಲ್ಲೂಕು, ಜಿಲ್ಲೆಯ ಹೆಸರನ್ನು ತಪ್ಪಿಲ್ಲದೆ ಬರೆಯಲಾರದು. ಅದಕ್ಕೆ ಕಥೆ ಕಲಿಸುವುದೆಂದರೆ ಕಣವನ್ನೇ ಮಾಡದೆ ರಾಶಿಗೆ ಕೂತಂತೆ ಎಂದು ನಾನು ಮೂವತ್ತು ವರ್ಷ ನಂಬಿದ್ದೆ. ಈಗ ಅಷ್ಟು ಖಚಿತವಿಲ್ಲ. ತೊಟ್ಟಿಲಿನ ವಿಷಯ ಓದಿದ ಮೇಲಂತೂ ರಾತ್ರಿ ಬಹಳ ಹೊತ್ತು ಅದೇ ತಲೆಯಲ್ಲಿತ್ತು.

ಆದರೆ ಒಂದು ಮಾತು. ಸಾಹಿತಿ ಸಂಜೆಯ ಬಸ್ಸಿಗೆ ಹೋಗಿಬಿಡುತ್ತಾನೆ. ಮರುದಿನ ಮಕ್ಕಳ ಎದುರು ನಿಲ್ಲುವವಳು ನೀನು. ನಿನ್ನ ಕೈಯಲ್ಲಿ ಉಳಿಯುವಂಥದ್ದು ಏನಾದರೂ ಆದರೆ ಮಾತ್ರ ಕರೆಸು. ಹತ್ತನೇ ತರಗತಿಯನ್ನು ಮುಟ್ಟಬೇಡ, ಎಂಟು ಒಂಬತ್ತು ಸಾಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ ಬರೆದು ಸ್ವೀಕೃತಿ ತೆಗೆದುಕೋ. ಬಾಯಿ ಮಾತಿನ ಅನುಮತಿ ಅನುಮತಿಯಲ್ಲ.

ಇನ್ನೊಂದು. ಸಾಹಿತಿ ಎಂದರೆ ಪುಸ್ತಕ ಅಚ್ಚು ಹಾಕಿಸಿದವರೇ ಆಗಬೇಕೆ? ನಿಮ್ಮ ಕಡೆಯೂ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಭಜನೆಯವರು ಇರುತ್ತಾರೆ. ನಾನು ಹಳ್ಳಿಯೊಂದರಲ್ಲಿ ಸಹಶಿಕ್ಷಕನಾಗಿದ್ದಾಗ ಅಂಥ ಒಬ್ಬ ಅಜ್ಜ ಇದ್ದ, ಹೆಬ್ಬೆಟ್ಟಿನವನು. ಒಂದು ಅಮಾವಾಸ್ಯೆಯ ರಾತ್ರಿ ಭಜನೆಗೆ ನಾನು ತಡವಾಗಿ ಹೋದೆ. ಆತ ಹಾಡು ನಿಲ್ಲಿಸಲಿಲ್ಲ. ಕಾಯವೆಂಬ ಬಂಡಿಯ ಪದ ಹಾಡುತ್ತಿದ್ದವನು ತಾಳ ತಪ್ಪದಂತೆ ಗಂಟೆ ಕಿತ್ತುಹೋದ ನನ್ನ ಸೈಕಲ್ಲನ್ನು ಅದರೊಳಗೆ ತಂದು ನಿಲ್ಲಿಸಿದ, ‘ಗಂಟೆಯಿಲ್ಲದ ಬಂಡಿ ಬಂತು, ಯಾರಿಗೂ ಗೊತ್ತಾಗಲಿಲ್ಲ’ ಎಂದು. ಮಂದಿ ಬಿದ್ದು ಬಿದ್ದು ನಕ್ಕರು. ನಿನ್ನ ಆ ಹುಡುಗಿಯ ಪ್ರಶ್ನೆಗೆ ಆ ಅಜ್ಜ ಉತ್ತರ ಹೇಳುತ್ತಿದ್ದನೋ ಇಲ್ಲವೋ, ಮಾಡಿಯಂತೂ ತೋರಿಸುತ್ತಿದ್ದ.

ಭಾಲ್ಕಿ ಕಥೆಗಾರ (ನವೆಂಬರ್ 19)

ಮೇಡಂ, ನಾನು ಎರಡು ಕಥಾಸಂಕಲನ ಮಾಡಿದವನು, ಹೊಟ್ಟೆಪಾಡಿಗೆ ಬೇರೆ ನೌಕರಿ ಇದೆ. ಬೀದರ್ ಜಿಲ್ಲೆಯ ಶಾಲೆಗಳಿಗೆ ಎಂಟು ವರ್ಷಗಳಿಂದ ಹೋಗುತ್ತಿದ್ದೇನೆ. ಮೊದಲ ಮೂರು ವರ್ಷ ನೀವು ಹೇಳಿದ ಆ ಕವಿಗಳಂತೆಯೇ ಹೋಗಿ ಬಂದೆ. ಮನೆಯಲ್ಲಿ ಶಾಲು ಎಷ್ಟಾದವೆಂದರೆ, ನನ್ನ ತಾಯಿ ಅವನ್ನೆಲ್ಲ ಕೌದಿಯ ಒಳಗೆ ಹಾಕಿ ಹೊಲಿದಳು. ಚಳಿಗೆ ಬೆಚ್ಚಗಿದೆ.

ಆಮೇಲೆ ಸ್ನೇಹಿತನೊಬ್ಬ ಕೆಲವು ಜೆರಾಕ್ಸ್ ಹಾಳೆಗಳನ್ನು ಕೊಟ್ಟ. 1968ರಲ್ಲಿ ನ್ಯೂಯಾರ್ಕಿನ ಪಿ.ಎಸ್. 61 ಎಂಬ ಸರ್ಕಾರಿ ಪ್ರಾಥಮಿಕ ಶಾಲೆಗೆ ಕೆನೆತ್ ಕೋಕ್ ಎಂಬ ಕವಿ ಹೋಗಿ ಮಕ್ಕಳಿಂದ ಪದ್ಯ ಬರೆಸಿದ ಕಥೆ ಅದು. ಮೊದಲ ದಿನ ಅವರು ಒಬ್ಬೊಬ್ಬ ಮಗುವಿನಿಂದ ಒಂದೊಂದೇ ಸಾಲು ಬರೆಸಿದರು. ಸಾಲು ‘ನನಗೆ ಹೀಗಾಗಬೇಕು’ ಎಂಬ ಆಸೆಯಿಂದ ಶುರುವಾಗಬೇಕು, ಅದರಲ್ಲಿ ಒಂದು ಬಣ್ಣ, ಒಂದು ಚಿತ್ರಕಥೆಯ ಪಾತ್ರ, ಒಂದು ಊರು ಅಥವಾ ದೇಶದ ಹೆಸರು ಇರಬೇಕು. ಪ್ರಾಸ ಬೇಡ. ಕಾಗುಣಿತದ ಚಿಂತೆ ಆಗ ಬೇಡ. ಎಲ್ಲ ಸಾಲುಗಳನ್ನು ಕೂಡಿಸಿ ಒಂದೇ ಪದ್ಯವೆಂದು ಗಟ್ಟಿಯಾಗಿ ಓದಿದರು. ಅಷ್ಟೇ. ‘ಕವನ ಬರೆಯಿರಿ’ ಎಂದರೆ ಮಕ್ಕಳು ಕಲ್ಲಾಗುತ್ತಾರೆ. ಒಂದು ಸಾಲು, ಅದರಲ್ಲಿ ಇಂತಿಂಥವು ಇರಲಿ ಎಂದರೆ ಅದು ಆಟವಾಗುತ್ತದೆ.

ನಾನು ಅದನ್ನು ನಮ್ಮ ಕಡೆಗೆ ತಿರುಗಿಸಿಕೊಂಡೆ: ಒಂದು ಬಣ್ಣ, ಒಂದು ಊರು, ಒಂದು ತಿನಿಸು. ಆರನೇ ತರಗತಿಯ ಹುಡುಗನೊಬ್ಬ ‘ಉದಗೀರಿಗೆ ಹೋದ ಕೆಂಪು ಬಸ್ಸು ಬರುವಾಗ ನಮ್ಮಪ್ಪನನ್ನೂ ಸುಸಲಾ ಪೊಟ್ಟಣವನ್ನೂ ತರಬೇಕು’ ಎಂದು ಬರೆದ. ಅಪ್ಪ ಮೊದಲು, ಸುಸಲಾ ಆಮೇಲೆ. ಆ ಅನುಕ್ರಮವನ್ನು ನಾನು ಕಲಿಸಿದ್ದಲ್ಲ.

ಶಹಾಪುರದ ಗುರುಗಳು ಹೇಳಿದ್ದು ಸತ್ಯ, ಬಸ್ಸು ಹತ್ತಿ ಹೋಗುವವನು ನಾನು. ಅದರ ಪೆಟ್ಟು ಏನೆಂದು ಹೇಳುತ್ತೇನೆ. ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ತಾಯಿಯ ಬೆಳ್ಳಿಯ ಕಾಲ್ಗಡಗದ ಬಗ್ಗೆ ಬರೆದಳು. ತಂದೆ ಅದನ್ನು ಒತ್ತೆಯಿಟ್ಟು ಕುಡಿದದ್ದು, ತಾಯಿ ನಡೆಯುವಾಗ ಈಗ ಸದ್ದೇ ಇಲ್ಲದ್ದು. ಅಂಥ ಬರಹ ನನಗೆ ಒಂದು ವರ್ಷ ಕೂತರೂ ಬರುವುದಿಲ್ಲ. ಖುಷಿ ತಡೆಯಲಾರದೆ ತರಗತಿಗೆ ಓದಿ ಹೇಳಿದೆ, ಹೆಸರನ್ನೂ ಹೇಳಿ ಶಹಬ್ಬಾಸ್ ಎಂದೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮರುದಿನ ತಂದೆ ಶಾಲೆಯ ಬಾಗಿಲಿಗೆ ಬಂದ. ಹುಡುಗಿ ಎರಡು ವಾರ ಬರಲಿಲ್ಲ. ಬೈಗುಳ ತಿಂದವರು ಅಲ್ಲಿಯ ಮಾಸ್ತರರು, ನಾನು ಭಾಲ್ಕಿಯಲ್ಲಿ ಚಹಾ ಕುಡಿಯುತ್ತಿದ್ದೆ.

ಅಂದಿನಿಂದ ಒಂದು ನೇಮ ಮಾಡಿಕೊಂಡಿದ್ದೇನೆ. ಯಾರಾದರೂ ತಮ್ಮ ಹಾಳೆಯನ್ನು ಮಡಿಚಿ ಇಟ್ಟರೆ ಅದನ್ನು ನಾನೂ ಓದುವುದಿಲ್ಲ, ಟೀಚರೂ ಓದುವುದಿಲ್ಲ, ಮಗು ಮನೆಗೆ ಒಯ್ಯಬಹುದು, ಹರಿಯಬಹುದು. ಮಡಿಚದ ಹಾಳೆಯನ್ನೂ ಕೇಳದೆ ಗಟ್ಟಿಯಾಗಿ ಓದುವುದಿಲ್ಲ.

ನಿಮ್ಮ ಉಳಿದ ಪ್ರಶ್ನೆಗಳಿಗೆ: ಮೂವತ್ತು ಮಕ್ಕಳಿಗಿಂತ ಹೆಚ್ಚು ಬೇಡ. ಒಂದೇ ದಿನ ಕರೆಸುವುದಾದರೆ ಕರೆಸಲೇಬೇಡಿ, ಎರಡು ಮೂರು ವಾರಗಳ ಅಂತರದಲ್ಲಿ ಮೂರು ಸಲ ಕರೆಸಿ. ಇಂಗ್ಲೆಂಡಿನ ಡೆವನ್‌ನಲ್ಲಿ, ಅದೇ 1968ರಲ್ಲಿ, ಜಾನ್ ಮೋಟ್ ಮತ್ತು ಜಾನ್ ಫೇರ್‌ಫ್ಯಾಕ್ಸ್ ಎಂಬ ಇಬ್ಬರು ಕವಿಗಳು ಶಾಲೆಯ ಮಕ್ಕಳನ್ನು ಊರಾಚೆ ಒಂದು ಕಡೆ ಕೂಡಿಸಿ ಬರೆಸಲು ಹೊರಟರು. ಅದೇ ಮುಂದೆ ಆರ್ವನ್ ಎಂಬ ಸಂಸ್ಥೆಯಾಗಿ, ಲೇಖಕರ ಜೊತೆ ಐದೈದು ದಿನ ಉಳಿದು ಬರೆಯುವ ಕಮ್ಮಟಗಳು ಅಲ್ಲಿ ನಡೆಯುತ್ತವೆ. ನಮಗೆ ಐದು ದಿನ ಯಾರು ಕೊಡುತ್ತಾರೆ? ಶನಿವಾರ ಬೆಳಗಿನ ಶಾಲೆಯ ಮೂರು ಗಂಟೆ ಸಾಕು. ನೀವೂ ಮಕ್ಕಳ ಸಾಲಿನಲ್ಲಿ ಕುಳಿತು ಬರೆಯಬೇಕು. ಇದು ಮುಖ್ಯ. ನ್ಯೂಯಾರ್ಕಿನಲ್ಲಿ 1967ರಲ್ಲಿ ಶುರುವಾದ ಇಂಥದೇ ಕೆಲಸದ ಸಂಸ್ಥೆಯ ಹೆಸರು ಟೀಚರ್ಸ್ ಆ್ಯಂಡ್ ರೈಟರ್ಸ್ ಕೊಲಾಬರೇಟಿವ್. ಹೆಸರಿನಲ್ಲೇ ಶಿಕ್ಷಕರು ಮೊದಲು, ಲೇಖಕರು ಆಮೇಲೆ. ಗುರುಗಳಿಗೆ ಇದು ಹಿಡಿಸೀತು.

ಮೈಕು ಬೇಡ. ಮೈಕು ಕಂಡರೆ ನಾನು ಭಾಷಣ ಮಾಡಿಬಿಡುತ್ತೇನೆ, ನನ್ನ ಮೇಲೆ ನನಗೇ ಭರವಸೆಯಿಲ್ಲ. ಹಣದ ವಿಷಯದಲ್ಲಿ ಸಂಕೋಚ ಬೇಡ, ಬರೆಯುವವರಿಗೆ ಮುಂಚೆಯೇ ಹೇಳಿಬಿಡಿ. ನಾನು ಸಲಕ್ಕೆ ಒಂದೂವರೆ ಸಾವಿರ ಮತ್ತು ಬಸ್ಸಿನ ಖರ್ಚು ತೆಗೆದುಕೊಳ್ಳುತ್ತೇನೆ. ‘ಸಾಹಿತ್ಯ ಸೇವೆ’ ಎಂದು ಪುಕ್ಕಟೆ ಬರುವವರು ಅನೇಕ ಸಲ ತಡವಾಗಿ ಬರುತ್ತಾರೆ.

ಚಿಂಚೋಳಿ ತಾಂಡಾದ ಹುಡುಗಿ (ನವೆಂಬರ್ 20)

ಮೇಡಂ, ನಾನು ಕಲಬುರಗಿಯಲ್ಲಿ ಬಿ.ಎ. ಎರಡನೇ ವರ್ಷ. ಭಾಷೆಯ ಪ್ರಶ್ನೆಗೆ ಮಾತ್ರ ಬರೆಯುತ್ತೇನೆ, ಉಳಿದದ್ದು ನನಗೆ ತಿಳಿಯದು.

ಏಳನೇ ತರಗತಿಯಲ್ಲಿ ‘ನನ್ನ ತಾಯಿ’ ಎಂದು ಬರೆಯಲು ಹೇಳಿದ್ದರು. ನಮ್ಮ ಮನೆಯಲ್ಲಿ ತಾಯಿಯನ್ನು ಯಾಡಿ ಎನ್ನುತ್ತೇವೆ. ನಾನು ಎಲ್ಲ ಕಡೆ ಯಾಡಿ ಎಂದೇ ಬರೆದಿದ್ದೆ. ಒಂಬತ್ತು ಕಡೆ ಕೆಂಪು ಗೆರೆ ಹೊಡೆದು ಒಂಬತ್ತು ಕಡೆ ‘ತಾಯಿ’ ಎಂದು ತಿದ್ದಿ ಕೊಟ್ಟರು. ಅವರು ಕೆಟ್ಟವರಲ್ಲ. ಆದರೆ ತಿದ್ದಿದ್ದನ್ನು ಓದಿದಾಗ ಅದು ಯಾರದೋ ತಾಯಿಯ ಬಗ್ಗೆ ಇತ್ತು. ಅಲ್ಲಿಂದ ನಾನು ಗೈಡ್ ನೋಡಿಯೇ ಬರೆದೆ, ಅಂಕಗಳೂ ಚೆನ್ನಾಗಿ ಬಂದವು.

ಪಿಯುಸಿಯಲ್ಲಿ ಒಂದು ಕಮ್ಮಟಕ್ಕೆ ಹೋದಾಗ ಅಲ್ಲಿಗೆ ಬಂದಿದ್ದ ಕವಯಿತ್ರಿ ಯಾಡಿ ಎಂಬ ಮಾತಿನ ಸುತ್ತ ಪೆನ್ಸಿಲ್ಲಿನಿಂದ ಸುತ್ತು ಹಾಕಿ, ‘ಇನ್ನೂ ಇಂಥವು ಇವೆಯೇ?’ ಎಂದು ಕೇಳಿದರು. ಮೂರು ಪುಟ ಬರೆದೆ. ಆಮೇಲೆ ಗೊತ್ತಾಯಿತು, ಕಲಬುರಗಿಯವರೇ ಆದ ಗೀತಾ ನಾಗಭೂಷಣ ಅವರು ಈ ಭಾಗದ ಆಡುಮಾತನ್ನೇ ಕಾದಂಬರಿಗೆ ತಂದು, ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು ಎಂದು. ಮೊದಲೇ ಯಾರಾದರೂ ಹೇಳಬಾರದಿತ್ತೇ ಎನಿಸಿತು.

ಪರೀಕ್ಷೆಯಲ್ಲಿ ಪುಸ್ತಕದ ಕನ್ನಡವೇ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಬೇರೆ ನೋಟ್‌ಬುಕ್ ಇಡಿಸಿ, ಮೇಡಂ.

ಸೇಡಂ ಕನ್ನಡ ಟೀಚರ್ (ಜನವರಿ 12)

ಎಲ್ಲರಿಗೂ ಮತ್ತೆ ನಮಸ್ಕಾರ. ಏನಾಯಿತು ಎಂದು ಕೆಲವರು ಕೇಳಿದ್ದೀರಿ.

ಭಾಲ್ಕಿಯ ಕಥೆಗಾರರನ್ನೇ ಕರೆಸಿದೆವು. ಹುಮನಾಬಾದ್, ಕಲಬುರಗಿ, ಸೇಡಂ ಎಂದು ಬಸ್ಸು ಬದಲಿಸುತ್ತ ಹಿಂದಿನ ರಾತ್ರಿಯೇ ಬಂದು, ನಮ್ಮ ವಿಜ್ಞಾನ ಶಿಕ್ಷಕರ ಮನೆಯಲ್ಲಿ ಉಳಿದುಕೊಂಡರು. ಇದುವರೆಗೆ ಎರಡು ಸಲ ಆಗಿದೆ. ಪೆಂಡಾಲು ತಪ್ಪಿಸಲು ನಾನು ಪಟ್ಟ ಪಾಡು ಬೇರೆಯೇ ಕಥೆ. ಕೊನೆಗೆ ಅಧ್ಯಕ್ಷರು, ‘ಒಂದು ಶಾಲಾದರೂ ಹೊದಿಸದಿದ್ದರೆ ಊರ ಮರ್ಯಾದೆ ಏನಾಗಬೇಕು?’ ಎಂದರು. ಎಲ್ಲ ಮುಗಿದ ಮೇಲೆ ಸಿಬ್ಬಂದಿ ಕೊಠಡಿಯಲ್ಲಿ, ಮಕ್ಕಳು ಇಲ್ಲದಾಗ ಹೊದಿಸಿದರು. ಕೌದಿಗೆ ಇನ್ನೊಂದು ಪದರ.

ಎಂಟು ಒಂಬತ್ತನೇ ತರಗತಿಯಿಂದ ಇಪ್ಪತ್ತೆಂಟು ಮಕ್ಕಳು. ಮೊದಲ ಶನಿವಾರ ಅವರು ಆಡಿಸಿದ ಆಟ ಸುಳ್ಳಿನದು. ಒಬ್ಬೊಬ್ಬರೂ ತಮ್ಮ ಮನೆಯ ಬಗ್ಗೆ ಐದು ವಾಕ್ಯ ಬರೆಯಬೇಕು, ನಾಲ್ಕು ನಿಜ, ಒಂದು ಸುಳ್ಳು. ಓದಿದಾಗ ಉಳಿದವರು ಸುಳ್ಳನ್ನು ಹಿಡಿಯಬೇಕು. ಮೊದಲು ಎದ್ದ ಹುಡುಗ ‘ನಮ್ಮ ಎಮ್ಮೆಗೆ ಮೂರು ಕಣ್ಣು’ ಎಂದ, ಬಾಯಿ ಮುಚ್ಚುವ ಮೊದಲೇ ಸಿಕ್ಕಿಬಿದ್ದ. ಹತ್ತು ಹನ್ನೆರಡು ಮಂದಿ ಹೀಗೇ ಸಿಕ್ಕಿಬಿದ್ದರು. ಆಮೇಲೆ ಹಿಂದಿನ ಬೆಂಚಿನ ಒಬ್ಬಳು, ತರಗತಿಯಲ್ಲಿ ಹಾಜರಿ ಹೇಳುವುದನ್ನು ಬಿಟ್ಟರೆ ನಾನು ಧ್ವನಿ ಕೇಳಿರದವಳು, ಎದ್ದು ಓದಿದಳು: ‘ನಮ್ಮ ಮನೆಗೆ ಎರಡು ಬಾಗಿಲು. ಹಿತ್ತಿಲ ಬಾಗಿಲಿಗೆ ಅಗುಳಿಯಿಲ್ಲ, ಕಲ್ಲು ಇಡುತ್ತೇವೆ. ನಮ್ಮ ಅಜ್ಜಿ ಎಡಗೈಯಿಂದ ರೊಟ್ಟಿ ಬಡಿಯುತ್ತಾಳೆ, ಬಲಗೈಯ ಎರಡು ಬೆರಳು ಕಣಕಿ ಕತ್ತರಿಸುವ ಯಂತ್ರದಲ್ಲಿ ಹೋದವು. ನಮ್ಮ ಆಕಳ ಹೆಸರು ಗೌರಿ. ನನ್ನ ತಮ್ಮ ಮಣ್ಣು ತಿನ್ನುತ್ತಾನೆ.’

ಕೆಲವರು ಎರಡು ಬಾಗಿಲು ಸುಳ್ಳು ಎಂದರು. ಕೆಲವರು ಆಕಳು ಎಂದರು. ತಮ್ಮ ಮಣ್ಣು ತಿನ್ನುವುದು ಸುಳ್ಳೇ ಇರಬೇಕು ಎಂದು ನಾನೂ ಕೈ ಎತ್ತಿದೆ. ಆಕೆ ತಲೆ ತಗ್ಗಿಸಿ, ‘ಅಜ್ಜಿಗೆ ಹತ್ತೂ ಬೆರಳು ಇವೆ’ ಎಂದಳು. ತರಗತಿ ಹೋ ಎಂದಿತು. ಕಥೆಗಾರರು ಕೇಳಿದ್ದು ಒಂದೇ ಮಾತು: ‘ನೀವೆಲ್ಲ ಏಕೆ ನಂಬಿದಿರಿ?’ ಎರಡು ನಿಮಿಷ ಗದ್ದಲವಾಗಿ ಕೊನೆಗೆ ಎಮ್ಮೆಯ ಹುಡುಗನೇ ಹೇಳಿದ, ‘ಕಣಕಿಯ ಯಂತ್ರ ಎಂದಳಲ್ಲ, ಅದಕ್ಕೇ.’ ಅವನು ತನ್ನ ಎಮ್ಮೆಯನ್ನು ಆಗಲೇ ತಿದ್ದತೊಡಗಿದ್ದ. ಮೂರನೆಯ ಕಣ್ಣು ಹೋಗಿ, ಬಲಗಣ್ಣಿನಲ್ಲಿ ಹೂವು ಬಂದು, ಆ ಕಡೆಯಿಂದ ಹೋದವರಿಗೆಲ್ಲ ಹಾಯುವ ಎಮ್ಮೆಯಾಯಿತು.

ನಾನೂ ಬರೆದೆ. ಮಕ್ಕಳು ನನ್ನ ಸುಳ್ಳನ್ನು ಮೊದಲ ಸಲಕ್ಕೇ ಹಿಡಿದರು. ‘ನನಗೆ ಉತ್ತರಪತ್ರಿಕೆ ತಿದ್ದುವುದೆಂದರೆ ಇಷ್ಟ’ ಎಂದು ಬರೆದಿದ್ದೆ.

ಕೆಟ್ಟದ್ದನ್ನೂ ಹೇಳಬೇಕು. ಅಂದು ರಾತ್ರಿ ಹಾಳೆಗಳನ್ನು ಮನೆಗೆ ತಂದೆ. ಟಿವಿ ನೋಡುತ್ತ ಕೂತವಳು ಕೈ ತನ್ನಷ್ಟಕ್ಕೆ ಕೆಂಪು ಪೆನ್ ಹಿಡಿದದ್ದನ್ನು ಗಮನಿಸಲಿಲ್ಲ. ಹನ್ನೊಂದು ಹಾಳೆಗಳಾದ ಮೇಲೆ ಎಚ್ಚರವಾಯಿತು. ಸೋಮವಾರ ಹಂಚಿದಾಗ ಒಬ್ಬ ತನ್ನ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ‘ಇದಕ್ಕೂ ಅಂಕ ಇದೆಯಾ, ಮೇಡಂ?’ ಎಂದ. ಆ ಹನ್ನೊಂದು ಮಂದಿಗೆ ಬೇರೆ ಹಾಳೆ ಕೊಟ್ಟು ಕ್ಷಮೆ ಕೇಳಿದೆ. ಈಗ ಚಿಂಚೋಳಿಯ ತಂಗಿ ಹೇಳಿದಂತೆ ಎರಡು ನೋಟ್‌ಬುಕ್ ಇಡಿಸಿದ್ದೇನೆ. ನೀಲಿ ರಟ್ಟಿನದನ್ನು ತಿದ್ದುತ್ತೇನೆ, ಹಳದಿಯದನ್ನು ಓದುತ್ತೇನೆ, ಅದೂ ಅವರು ಕೊಟ್ಟರೆ. ಹಳದಿಯದರಲ್ಲಿ ಮೂರು ಮಂದಿ ಲಂಬಾಣಿ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದಾರೆ. ಅರ್ಥವನ್ನು ನಾನೇ ಕೇಳಿ ತಿಳಿದುಕೊಳ್ಳಬೇಕು. ತರಗತಿಯಲ್ಲಿ ನಾನು ಕೇಳುವುದು, ಅವರು ಹೇಳುವುದು, ಇದು ಅವರಿಗೆ ಬಹಳ ಮೋಜಿನ ವಿಷಯವಾಗಿದೆ.

ಎರಡನೇ ಸಲ ಎಳ್ಳ ಅಮಾವಾಸ್ಯೆ ಮುಗಿದ ಮೇಲೆ. ತೊಗರಿ ರಾಶಿ ಶುರುವಾಗಿತ್ತು, ಬಂದವರು ಹದಿನೇಳೇ. ಅಷ್ಟು ದೂರದಿಂದ ಬಂದವರ ಮುಂದೆ ನನಗೆ ನಾಚಿಕೆಯಾಯಿತು. ಅವರು ಮಾತ್ರ, ಬಾರದವರಿಗೆ ಒಂದು ಕೆಲಸ ಹೇಳಿ ಕಳಿಸಿದರು: ರಾಶಿಯ ಯಂತ್ರ ನಿಂತ ಕೂಡಲೇ ಮೊದಲು ಏನು ಕೇಳಿಸಿತು ಎಂಬುದನ್ನು ಬರೆದು ತರಬೇಕು. ನಾಲ್ವರು ಬರೆದು ತಂದರು. ಒಬ್ಬ ಬರೆದದ್ದು: ‘ಏನೂ ಕೇಳಿಸಲಿಲ್ಲ, ಕಿವಿಯಲ್ಲಿ ಹೊಟ್ಟು ತುಂಬಿತ್ತು.’

ಮಡಿಚಿದ ಹಾಳೆಗಳು ಎರಡೂ ಸಲ ಸೇರಿ ಐದು. ನೇಮದಂತೆ ಅವು ಅವರವರ ಮನೆಗೆ ಹೋದವು. ಯಾರು ಮಡಿಚಿದರು ಎಂಬುದು ನನಗೆ ಗೊತ್ತು, ಆ ಮಕ್ಕಳ ಕಡೆ ಸ್ವಲ್ಪ ಹೆಚ್ಚು ಲಕ್ಷ್ಯ ಇಟ್ಟಿದ್ದೇನೆ. ಅದಕ್ಕಿಂತ ಹೆಚ್ಚು ಏನು ಮಾಡಬೇಕೆಂದು ತೋಚಿಲ್ಲ.

ಕಳೆದ ವಾರ ಮತ್ತೆ ‘ನಮ್ಮೂರ ಜಾತ್ರೆ’ ಕೊಟ್ಟೆ. ‘ಭಾರತವು ಹಳ್ಳಿಗಳ ದೇಶ’ ಇನ್ನೂ ಆರು ಹಾಳೆಗಳಲ್ಲಿ ಇದೆ, ಅಷ್ಟು ಬೇಗ ಹೋಗುವಂಥದ್ದಲ್ಲ. ತೊಟ್ಟಿಲು ಮಾತ್ರ ಬಂದಿದೆ. ಹದಿನೆಂಟು ಮಂದಿ ತಾವು ಅದರಲ್ಲಿ ಸಿಕ್ಕಿಹಾಕಿಕೊಂಡಿದ್ದೆವು ಎಂದು ಬರೆದಿದ್ದಾರೆ. ಒಬ್ಬಳಂತೂ ಮೇಲಿನಿಂದ ನೋಡಿದಾಗ ತನ್ನ ಚಪ್ಪಲಿಯ ಮೇಲೆ ಒಂದು ನಾಯಿ ಮಲಗಿತ್ತು ಎಂದಿದ್ದಾಳೆ. ಮೇಲಿದ್ದವರು ಆರೇ ಮಂದಿ ಎಂಬುದು ಇಡೀ ಊರಿಗೆ ಗೊತ್ತು.

ಫೆಬ್ರುವರಿಯಲ್ಲಿ ಮೂರನೇ ಸಲ. ಶಹಾಪುರದ ಗುರುಗಳ ಮಾತಿನಂತೆ ಪಕ್ಕದ ಊರಿನ ಭಜನೆಯ ಅಜ್ಜನವರನ್ನೂ ಕೇಳಿದ್ದೇನೆ. ಬರುತ್ತಾರೆ. ಗೌರವಧನ ಎಂದದ್ದಕ್ಕೆ ಬೈಸಿಕೊಂಡೆ. ಹಣ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ.

ಗುರುಗಳೇ, ಈಗ ಒಂದು ಸಣ್ಣ ತೊಂದರೆ. ಕಥೆಗಾರರಿಗೆ ಕೊಟ್ಟ ಹಣವನ್ನು ಯಾವ ಬಾಬ್ತಿನಲ್ಲಿ ತೋರಿಸಬೇಕು ಎಂದು ನಮ್ಮ ಗುಮಾಸ್ತರು ವೋಚರ್ ಹಿಡಿದು ಕುಳಿತಿದ್ದಾರೆ. ‘ಸಾಹಿತಿಗಳ ಸಂಭಾವನೆ’ ಎಂದು ಬರೆಯಬಹುದೇ?

ನಿವೃತ್ತ ಮುಖ್ಯಗುರು, ಶಹಾಪುರ (ಜನವರಿ 12)

ಬೇಡ ತಂಗಿ. ‘ಸಂಪನ್ಮೂಲ ವ್ಯಕ್ತಿಗೆ ಗೌರವಧನ’ ಎಂದು ಬರೆಸು, ಪ್ರಯಾಣ ವೆಚ್ಚ ಬೇರೆ ತೋರಿಸು, ಬಸ್ ಟಿಕೆಟ್ ಹಚ್ಚು. ಸಾಹಿತಿ ಎಂದು ಬರೆದರೆ ಆಡಿಟ್‌ನವರು ಪೆಂಡಾಲಿನ ರಸೀದಿ ಎಲ್ಲಿ ಎಂದು ಕೇಳುತ್ತಾರೆ. ಆ ಎಮ್ಮೆಯ ಹುಡುಗನ ಹಾಳೆ ಮಡಿಚಿರದಿದ್ದರೆ, ಅವನನ್ನು ಕೇಳಿ, ಅದರ ಒಂದು ಪ್ರತಿ ನನಗೆ ಕಳಿಸು.